ಹಳೇ ಹಾದಿಯಲ್ಲಿ ಒಂದು ಪ್ರಯಾಣ

ಆಧಾರ ವಚನ: ಯೆರೆಮೀಯನ ಗ್ರಂಥ, 6ನೇ ಅಧ್ಯಾಯ, 16ನೇ ವಚನ



ಮೇಲೆ ಕಾಣಿಸಿದ ವಚನವನ್ನು ನಿಮ್ಮ ನಿಮ್ಮ ಸತ್ಯವೇದದಲ್ಲಿ ತೆರೆದು ಒಂದಾವರ್ತಿ ಓದಿಕೊಳ್ಳಿರಿ. ಆ ಕಾಲದಲ್ಲಿ ಯೆರೂಸಲೇಮಿನವರು ಕವಲುದಾರಿಯಲ್ಲಿ ದಿಕ್ಕುಗೆಟ್ಟವರಂತೆ ಇದ್ದರು. ಉತ್ತರದಿಂದ ಆಪತ್ತು ಬರುವದೆಂದು ಪ್ರವಾದಿಯು ಕೂಗಿ ಹೇಳಿದರೂ ಅವರು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಅಂಥವರಿಗೆ ದೇವರು ಕರುಣೆಯಿಂದ ಮೂರು ಅಪ್ಪಣೆಗಳನ್ನೂ ಒಂದು ವಾಗ್ದಾನವನ್ನೂ ಕೊಟ್ಟನು. ಹೇಗಂದರೆ: ಹಾದಿಗಳು ಕೂಡುವ ಸ್ಥಳದಲ್ಲಿ ನಿಲ್ಲಬೇಕು; ಪುರಾತನವಾದ ಹಾದಿಗಳೊಳಗೆ ಒಳ್ಳೇದು ಯಾವದೆಂದು ವಿಚಾರಿಸಬೇಕು; ಕಂಡ ಮೇಲೆ ಅದರಲ್ಲಿ ನಡೆಯಬೇಕು. ಹಾಗೆ ಮಾಡುವವರ ಪ್ರಾಣಕ್ಕೆ ವಿಶ್ರಾಂತಿ ಉಂಟು. ಆದರೆ ಆ ಜನರು ನಡೆಯುವದಕ್ಕೆ ಒಪ್ಪಲಿಲ್ಲವೆಂದು ಅದೇ ವಚನದ ಕೊನೆಯಲ್ಲಿ ಬರೆದದೆ.

ಈ ವಚನವನ್ನು ನಾವು ಅನೇಕ ಸಾರಿ ಓದಿದ್ದೆವು, ಇತರರಿಗೆ ಬೋಧಿಸಿಯೂ ಇದ್ದೆವು. ಆದರೂ ದೂರದೇಶದಲ್ಲಿ ಒಂದು ಬೈಸಿಕಲ್ಲಿನ ಮೇಲೆ ಕೂತು ಹೋಗುವಾಗಲೇ ಅದು ನಮ್ಮ ಹೃದಯವನ್ನು ಚುಚ್ಚಿತು. ಆ ಸಂಗತಿಯನ್ನು ನಿಮಗೆ ತಿಳಿಸಬೇಕೆಂದು ಮನಸ್ಸಾಯಿತು.

ಅಮೇರಿಕ ದೇಶದ ಒಹಾಯೊ ಸಂಸ್ಥಾನದಲ್ಲಿ ಒಂದು ದೀರ್ಘವಾದ ಬೈಸಿಕಲ್ ಹಾದಿ ಉಂಟು. ಅದು ದಕ್ಷಿಣದಲ್ಲಿ ಒಹಾಯೊ ನದಿಯ ದಡದಲ್ಲಿರುವ ಸಿನ್ಸಿನ್ನಾಟಿ ಪಟ್ಟಣದಿಂದ ಹೊರಟು, ಉತ್ತರದಲ್ಲಿ ಈರಿ ಎಂಬ ದೊಡ್ಡ ಸರೋವರದ ತೀರದಲ್ಲಿರುವ ಕ್ಲೀವ್‌ಲೆಂಡ್ ಪಟ್ಟಣವನ್ನು ಮುಟ್ಟುತ್ತದೆ. ಒಟ್ಟು ದೂರ ಸುಮಾರು 326 ಮೈಲಿ. ಬೆಂಗಳೂರಿನಿಂದ ಬೆಳಗಾವಿಗೆ ಹೋದಷ್ಟು ಎಂದು ತಿಳಿದುಕೊಳ್ಳಿರಿ. ಆ ದೇಶಕ್ಕೆ ಹೋಗುವ ಸಂದರ್ಭ ಒದಗಿದಾಗ ನಾವು ಈ ಹಾದಿಯನ್ನು ಹಿಡಿದೆವು. ಅದರ ಬಹುಭಾಗ ಹೊಸದಾಗಿ ಕಡಿದ ರಸ್ತೆಯಲ್ಲ. ಹಿಂದೆ ಉಗಿಬಂಡಿಗಳು ಓಡುತ್ತಿದ್ದ ರೈಲು ಹಾದಿಗಳ ಕಂಬಿಗಳನ್ನು ಕಿತ್ತಮೇಲೆ, ಪಾಳುಬಿದ್ದು ಮುಳ್ಳುಕಂಟಿ ಬೆಳೆದ ಆ ನೆಲವನ್ನೇ ಹಸನುಮಾಡಿ ಬೈಸಿಕಲ್ಲುಗಳಿಗೆ ತೆರೆದುಕೊಟ್ಟಿದ್ದಾರೆ. ಭಾರವಾದ ರೈಲುಬಂಡಿಯು ಕಡಿದಾದ ಏರನ್ನು ಹತ್ತಲಾರದಾದಕಾರಣ, ಪೂರ್ವದ ಕೆಲಸಗಾರರು ಗುಡ್ಡಗಳನ್ನು ಕಡಿದು ತಗ್ಗುಗಳನ್ನು ತುಂಬಿಸಿ ಹಾದಿಯನ್ನು ಸಮಮಾಡಿದ್ದರು. ಆ ಕೆಲಸಗಾರರ ಹೆಸರುಗಳು ಯಾರಿಗೂ ಗೊತ್ತಿಲ್ಲ. ಆದರೂ ಅವರ ಬೆವರಿನ ಫಲವಾಗಿ ಇಂದಿನ ಪ್ರಯಾಣಿಕನು ಬೆಟ್ಟದ ಸೀಮೆಯಲ್ಲಿಯೂ ಉಸಿರು ಕಟ್ಟದೆ ಹೋಗುತ್ತಾನೆ.

ನಾಲ್ಕು ದಿವಸ ಹೋದ ಮೇಲೆ ಬ್ರಿಂಕ್‌ಹೇವನ್ ಎಂಬ ಹಳ್ಳಿಯ ಬಳಿಯಲ್ಲಿ ಮೊಹಿಕನ್ ನದಿಯನ್ನು ದಾಟಿದೆವು. ಅಲ್ಲಿ ಸುಮಾರು 370 ಅಡಿ ಉದ್ದವಾದ, ಮನೆಯಂತೆ ಮಾಡು ಹೊದಿಸಿದ ಸೇತುವೆಯುಂಟು. ಅದನ್ನು ದಾಟಿ ಹೋಮ್ಸ್ ಜಿಲ್ಲೆಗೆ ಬಂದಾಗ ಹಾದಿಯು ಎರಡು ಪಾಲಾಯಿತು. ಒಂದು ಪಕ್ಕದಲ್ಲಿ ಬೈಸಿಕಲ್ಲಿಗೆ ನುಣುಪಾದ ಡಾಂಬರು. ಇನ್ನೊಂದು ಪಕ್ಕದಲ್ಲಿ ಕುದುರೆಯ ಗೊರಸು ಜಾರದಂತೆ ಒರಟಾದ ಜಲ್ಲಿ. 2005ರಲ್ಲಿ ಫ್ರೆಡರಿಕ್ಸ್‌ಬರ್ಗಿನಿಂದ ಮಿಲ್ಲರ್ಸ್‌ಬರ್ಗಿನ ವರೆಗೆ ಮೊದಲು ತೆರೆಯಲ್ಪಟ್ಟ ಈ ಹಾದಿಯಲ್ಲಿ ಎರಡು ಬಗೆಯ ಜನರು ಪಕ್ಕಪಕ್ಕದಲ್ಲಿ ಹೋಗುತ್ತಾರೆ. ನಮ್ಮ ಬಲಗಡೆಯಲ್ಲಿ ಕಪ್ಪು ಕುದುರೆಗಾಡಿಗಳು ಟಪಟಪನೆ ಬಂದವು. ಒಳಗೆ ಹುಲ್ಲಿನ ಟೋಪಿಯನ್ನು ಇಟ್ಟುಕೊಂಡ ಗಂಡಸರು, ತಲೆಯನ್ನು ಮುಚ್ಚಿಕೊಂಡು ಉದ್ದವಾದ ಸಾದಾ ಉಡುಪನ್ನು ಧರಿಸಿದ ಹೆಂಗಸರು. ಹೊಲಗಳಲ್ಲಿ ಮುಸುಕಿನ ಜೋಳದ ದಂಟುಗಳನ್ನು ಸಿವುಡು ಕಟ್ಟಿ ನಿಲ್ಲಿಸಿದ್ದರು. ದಪ್ಪ ಕಾಲಿನ ಕುದುರೆಗಳು ಸಾಲಾಗಿ ನಿಂತು ನೇಗಿಲನ್ನು ಎಳೆಯುತ್ತಿದ್ದವು. ಎತ್ತಿನ ಬೇಸಾಯವನ್ನು ಕಂಡು ಬೆಳೆದ ನಮಗೆ ಊರಿನ ನೆನಪಾಯಿತು.

ಇವರೇ ಆಮಿಷ್ ಎಂಬ ಕ್ರೈಸ್ತರು. ನಮ್ಮ ಭಾಷೆಯಲ್ಲಿ ಆಮಿಷವೆಂದರೆ ಗಾಳಕ್ಕೆ ಸಿಕ್ಕಿಸಿ ಮೀನನ್ನು ಮರುಳುಗೊಳಿಸುವ ವಸ್ತು. ಈ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. 1693ರಲ್ಲಿ ಇವರ ಪಂಗಡವನ್ನು ಬೇರೆಯಾಗಿ ನಡಿಸಿದ ಯಾಕೊಬ್ ಅಮ್ಮನ್ ಎಂಬ ಹಿರಿಯನಿಂದ ಇವರಿಗೆ ಆ ಹೆಸರು ಬಂತು. ಲೋಕದ ಗಾಳಕ್ಕೆ ಸಿಕ್ಕಬಾರದೆಂದು ಇಷ್ಟು ಎಚ್ಚರಿಕೆಯಿಂದ ಇರುವ ಜನರಿಗೆ ನಮ್ಮ ಕಿವಿಗೆ ಹೀಗೆ ಕೇಳಿಸುವ ಹೆಸರು ಬಂದದ್ದು ಆಶ್ಚರ್ಯವೇ ಸರಿ! ಅಮೇರಿಕದಲ್ಲಿಯೂ ಕೆನಡದಲ್ಲಿಯೂ ಕೂಡಿ ಇವರು ಈಗ ಸುಮಾರು 4 ಲಕ್ಷ ಮಂದಿ ಇದ್ದಾರೆ. ಇವರು ಹುಟ್ಟಿದ ಯೂರೋಪಿನಲ್ಲಿಯೋ ಇವರ ಕೊನೆಯ ಸಭೆಯು 1937ರಲ್ಲಿ ಮೆನ್ನೊನೈಟರ ಸಭೆಯೊಂದಿಗೆ ಸೇರಿಹೋಯಿತು. ಮನೆಯಲ್ಲಿ ಒಂದು ತರದ ಹಳೇ ಜರ್ಮನ್ ಮಾತು, ಆರಾಧನೆಯಲ್ಲಿ ಲೂಥರನ ಜರ್ಮನ್ ವೇದ, ಹೊರಗಿನವರೊಂದಿಗೆ ಇಂಗ್ಲಿಷ್. ಹೀಗೆ ಮೂರು ಭಾಷೆಗಳಲ್ಲಿ ಬಾಳುತ್ತಾರೆ.

ಪ್ರಿಯರೇ, ಇವರನ್ನು ಹೊಗಳುವದು ನಮ್ಮ ಉದ್ದೇಶವಲ್ಲ. ಟೋಪಿಯೂ ಗಾಡಿಯೂ ಯಾರನ್ನೂ ರಕ್ಷಿಸಲಾರವು. ಕರ್ತನಾದ ಯೇಸು ಕ್ರಿಸ್ತನ ಮೇಲಣ ನಂಬಿಕೆಯಿಂದಲೇ, ಕೃಪೆಯಿಂದಲೇ ನಾವು ನೀತಿವಂತರೆನ್ನಿಸಿಕೊಳ್ಳುತ್ತೇವೆಂಬದು ನಮ್ಮ ಬೋಧನೆಯ ಅಸ್ತಿವಾರ. ಅವರು ಪ್ರಾಯಕ್ಕೆ ಬಂದವರಿಗೆ ಮಾತ್ರ ದೀಕ್ಷಾಸ್ನಾನ ಮಾಡಿಸುತ್ತಾರೆ. ನಮ್ಮ ಸಭೆಗಳಲ್ಲಿ ಶಿಶುಗಳಿಗೂ ಮಾಡಿಸುತ್ತೇವೆ. ಅವರಲ್ಲಿ ಒಡಕುಗಳುಂಟು, ನಿಯಮವನ್ನು ಮೀರಿದವನನ್ನು ದೂರವಿಡುವ ಕಠಿಣ ಪದ್ಧತಿಯುಂಟು. ಆದರೂ ಇರುವೆಯ ಬಳಿಗೆ ಹೋಗಿ ಬುದ್ಧಿಯನ್ನು ಕಲಿಯೆಂದು ಸೊಲೊಮೋನನು ಸೋಮಾರಿಗೆ ಹೇಳಿದನಲ್ಲವೋ? ಇರುವೆಯಿಂದ ಕಲಿಯಬಹುದಾದರೆ, ಕ್ರಿಸ್ತನನ್ನು ಕರ್ತನೆಂದು ಅರಿಕೆಮಾಡುವ ಸಹೋದರರಿಂದ ಕಲಿಯುವದಕ್ಕೆ ನಮಗೆ ನಾಚಿಕೆ ಯಾಕೆ?

ಮೊದಲನೆಯದು: ನಿಲ್ಲುವದು.

ಶನಿವಾರ ಸಾಯಂಕಾಲ ಮಿಲ್ಲರ್ಸ್‌ಬರ್ಗಿಗೆ ಇನ್ನು ಸ್ವಲ್ಪ ದೂರವಿರುವಾಗ ನಮ್ಮ ಹಿಂದಿನ ಚಕ್ರದ ಎರಡು ಕಡ್ಡಿಗಳು ಮುರಿದುಹೋದವು. ಚಕ್ರವು ಓಲಾಡತೊಡಗಿತು. ಇಳಿದು ನೂಕಿಕೊಂಡು ಹೋಗಿ, ಒಬ್ಬ ಆಮಿಷ್ ಮನುಷ್ಯನ ಬೈಸಿಕಲ್ ಅಂಗಡಿಯನ್ನು ಸೇರಿದೆವು. ಅಲ್ಲಿ ವಿದ್ಯುತ್ತಿನ ತಂತಿಯಿರಲಿಲ್ಲ. ಹೊರಗೆ ಒಂದು ಡೀಸೆಲ್ ಯಂತ್ರವು ಗಾಳಿಯನ್ನು ಒತ್ತುತ್ತಿತ್ತು, ಆ ಗಾಳಿಯ ಬಲದಿಂದ ಅವನ ಉಪಕರಣಗಳು ನಡೆಯುತ್ತಿದ್ದವು. ನಾವು ಆತುರಪಡುತ್ತಿದ್ದೆವು, ಅವನು ಆತುರಪಡಲಿಲ್ಲ. ನಮ್ಮ ಚೀಲಗಳನ್ನು ಬಿಚ್ಚಿ ಕೆಳಗಿಟ್ಟನು. ಅವುಗಳಲ್ಲಿ ಒಂದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, “ಚಕ್ರದಲ್ಲಿ ದೋಷವಿಲ್ಲ, ಹೊರೆ ಹೆಚ್ಚಾಯಿತು” ಎಂದನು. ಕಡ್ಡಿಗಳನ್ನು ಹಾಕುತ್ತಾ ನಮ್ಮ ದೇಶ ಯಾವದು, ಮನೆ ಬಿಟ್ಟು ಎಷ್ಟು ದಿವಸವಾಯಿತು, ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಕೇಳಿದನು. ಎಷ್ಟು ವೇಗವಾಗಿ ಬಂದಿರಿ, ದಿವಸಕ್ಕೆ ಎಷ್ಟು ಮೈಲಿ ಎಂದು ಮಾತ್ರ ಕೇಳಲೇ ಇಲ್ಲ.

ಮರುದಿನ ಕರ್ತನ ದಿನ. ಹಾದಿಯ ಪಕ್ಕದಲ್ಲಿ ಮೊಟ್ಟೆ ತರಕಾರಿಗಳನ್ನು ಮಾರುವ ಮನೆಗಳಲ್ಲಿ ಭಾನುವಾರ ವ್ಯಾಪಾರವಿಲ್ಲವೆಂದು ಹಲಗೆಯ ಮೇಲೆ ಬರೆದು ತೂಗಹಾಕಿದ್ದರು. ನಾವೂ ನಿಂತೆವು. ಬೆಳಿಗ್ಗೆ ಒಂದು ಹೊಲದ ಮನೆಯ ಅಂಗಳದಲ್ಲಿ ಇಪ್ಪತ್ತು ಮೂವತ್ತು ಗಾಡಿಗಳು ಸಾಲಾಗಿ ನಿಂತದ್ದನ್ನು ಕಂಡೆವು. ಆಮಿಷರಿಗೆ ಗುಡಿಯಿಲ್ಲ, ಗೋಪುರವಿಲ್ಲ, ಘಂಟೆಯಿಲ್ಲ. ಎರಡು ವಾರಕ್ಕೊಮ್ಮೆ ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಬೆಂಚುಗಳನ್ನು ಒಂದು ಗಾಡಿಯಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಸಾಗಿಸುತ್ತಾರೆ. ಆರಾಧನೆ ಸುಮಾರು ಮೂರು ತಾಸು. ವಾದ್ಯವಿಲ್ಲದೆ ಬಹು ಮೆಲ್ಲಗೆ ಹಾಡುತ್ತಾರೆ. ಒಂದು ಕೀರ್ತನೆಗೆ ಇಪ್ಪತ್ತು ನಿಮಿಷ ಹಿಡಿಯುವದೂ ಉಂಟು. ಬಳಿಕ ಎಲ್ಲರೂ ಕೂಡಿ ಊಟಮಾಡುತ್ತಾರೆ. ಬೋಧಕರಿಗೆ ಸಂಬಳವಿಲ್ಲ. ಅಪೊಸ್ತಲರು ಮತ್ತೀಯನನ್ನು ಆರಿಸಿದ ಹಾಗೆ ಚೀಟಿಯಿಂದ ಅವರನ್ನು ಆರಿಸುತ್ತಾರೆ.

ನಿಲ್ಲುವದು ಅವರಿಗೆ ಭಾನುವಾರದ ಕೆಲಸ ಮಾತ್ರವಲ್ಲ. ಯಾವ ಹೊಸ ವಸ್ತು ಬಂದರೂ ಅವರ ಸಭೆಯು ಅದರ ಮುಂದೆ ನಿಂತು ಒಂದು ಪ್ರಶ್ನೆಯನ್ನು ಕೇಳುತ್ತದೆ: ಇದು ನಮ್ಮನ್ನು ಕೂಡಿಸುವದೋ, ಚದರಿಸುವದೋ? ಒಂದು ಸಭೆಯ ಉತ್ತರದಂತೆ ಇನ್ನೊಂದರ ಉತ್ತರವಿರುವದಿಲ್ಲ. ಹೋಮ್ಸ್ ಜಿಲ್ಲೆಯಲ್ಲಿ ಬಹು ಸಭೆಗಳು ಬೈಸಿಕಲ್ಲನ್ನು ಒಪ್ಪಿಕೊಂಡಿವೆ. ಪೆನ್ಸಿಲ್ವೇನಿಯದ ಲ್ಯಾಂಕಸ್ಟರ್ ಜಿಲ್ಲೆಯಲ್ಲಿಯೋ, ಬೈಸಿಕಲ್ಲು ಮನುಷ್ಯನನ್ನು ಮನೆಯಿಂದ ಬಹುದೂರ ಒಯ್ಯುವದೆಂದು ಅದನ್ನು ಬಿಟ್ಟು, ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುತ್ತಾ ಹೋಗುವ ಎರಡು ಚಕ್ರದ ಸಣ್ಣ ಬಂಡಿಯನ್ನು ಇಟ್ಟುಕೊಂಡಿದ್ದಾರೆ. ದೂರವಾಣಿಯನ್ನು ಮನೆಯೊಳಗೆ ಇಡದೆ ಹೊರಗೆ ಚಿಕ್ಕ ಗೂಡಿನಲ್ಲಿಟ್ಟು, ಬೇಕಾದಾಗ ಹೋಗಿ ಮಾತಾಡಿ ಬರುವ ಪದ್ಧತಿಯೂ ಅನೇಕ ಸಭೆಗಳಲ್ಲಿ ಉಂಟು.

ಅವರ ಉತ್ತರಗಳನ್ನು ನಾವು ಎತ್ತಿಕೊಳ್ಳಬೇಕಾಗಿಲ್ಲ. ಆದರೆ ಅವರ ಪ್ರಶ್ನೆಯನ್ನು ನಾವು ಎಂದಾದರೂ ಕೇಳಿದ್ದೇವೋ? ನಮ್ಮ ಮನೆಗಳಿಗೆ ಮೊಬೈಲು ಬಂತು, ಸಾಲಕ್ಕೆ ತಂದ ಮೋಟಾರು ಸೈಕಲ್ಲು ಬಂತು, ಮದುವೆಗೆ ಲಕ್ಷಗಟ್ಟಲೆ ಖರ್ಚಿನ ಮರ್ಯಾದೆ ಬಂತು. ಇವುಗಳಲ್ಲಿ ಯಾವದರ ಮುಂದೆಯಾದರೂ ಮನೆಯವರೆಲ್ಲರು ಒಂದು ತಾಸು ನಿಂತು, ಪ್ರಾರ್ಥಿಸಿ, ಇದು ನಮಗೆ ಬೇಕೋ ಎಂದು ಕೇಳಿದ್ದುಂಟೋ? ಮೊಬೈಲು ಪಾಪವಲ್ಲ. ಆದರೆ ತಂದೆಯು ಅದನ್ನು ನೋಡುತ್ತಾ, ಮಗನು ಇನ್ನೊಂದನ್ನು ನೋಡುತ್ತಾ, ಸಾಯಂಕಾಲದ ಕುಟುಂಬ ಪ್ರಾರ್ಥನೆಯು ನಿಂತುಹೋಗಿರುವದಾದರೆ ನಿಲ್ಲಬೇಕಾದದ್ದು ಓಡುತ್ತಾ ಅದೆ, ನಡೆಯಬೇಕಾದದ್ದು ನಿಂತುಬಿಟ್ಟದೆ.

ಎರಡನೆಯದು: ವಿಚಾರಿಸುವದು.

ಪುರಾತನವಾದ ಹಾದಿಯೆಂಬ ಮಾತು ನಮ್ಮಂಥವರಿಗೆ ಹಗುರವಾದ ಮಾತಲ್ಲ. ನಮ್ಮ ಅಜ್ಜಂದಿರು ಸುವಾರ್ತೆಯನ್ನು ಅಂಗೀಕರಿಸಿದಾಗ, ಹಿರಿಯರ ಹಾದಿಯನ್ನು ಬಿಟ್ಟವರೆಂದು ಊರಿನವರು ಅವರನ್ನು ದೂರಿದರು. ಬಾವಿಯ ನೀರಿಗೂ ಅಡ್ಡಿ ಬಂತು, ಹೆಣ್ಣು ಕೊಡುವದು ತರುವದು ನಿಂತಿತು. ಈಗಲೂ ನಿಮ್ಮಲ್ಲಿ ಕೆಲವರು ಆ ಮಾತನ್ನು ಕೇಳುತ್ತಿದ್ದೀರಿ. ಹಾಗಾದರೆ ಹಳೇ ಹಾದಿಯನ್ನು ವಿಚಾರಿಸಿರೆಂದು ದೇವರು ಹೇಳಿದ್ದು ನಮ್ಮನ್ನು ಹಿಂದಕ್ಕೆ ಕಳುಹಿಸುವದಕ್ಕೋ? ಅಲ್ಲ. ವಚನವನ್ನು ಚೆನ್ನಾಗಿ ನೋಡಿರಿ. ಹಳೇದೆಲ್ಲಾ ಒಳ್ಳೇದೆಂದು ಅಲ್ಲಿ ಹೇಳಲಿಲ್ಲ. ಹಳೇವುಗಳೊಳಗೆ ಒಳ್ಳೇದು ಯಾವದೆಂದು ವಿಚಾರಿಸಬೇಕೆಂದು ಹೇಳಿದೆ. ನಮ್ಮ ಅಜ್ಜಂದಿರು ಅದನ್ನೇ ಮಾಡಿದರು. ಅವರು ಹೊಸ ಹಾದಿಯನ್ನು ಹಿಡಿಯಲಿಲ್ಲ. ತಮ್ಮ ಮುತ್ತಜ್ಜಂದಿರಿಗಿಂತ ಹಳೇದಾದ, ಅಬ್ರಹಾಮನು ಕರೆಯಲ್ಪಟ್ಟು ಹೊರಟ ಹಾದಿಯನ್ನು ಕಂಡುಕೊಂಡರು. ಅದು ಪಾಳುಬಿದ್ದ ರೈಲು ಹಾದಿಯಂತೆ ನಮ್ಮ ಕಣ್ಣಿಗೆ ಮರೆಯಾಗಿತ್ತು. ಅದನ್ನು ನಮಗಾಗಿ ಸಮಮಾಡಿದಾತನು ತನ್ನ ರಕ್ತವನ್ನೇ ಸುರಿಸಿದನು.

ಆಮಿಷರ ಹಿರಿಯರೂ ಹೀಗೆ ವಿಚಾರಿಸಿ ಬೆಲೆಯನ್ನು ಕೊಟ್ಟವರೇ. 1525ರಲ್ಲಿ ಸ್ವಿಟ್ಜರ್‌ಲೆಂಡಿನ ಝೂರಿಕ್ ಪಟ್ಟಣದಲ್ಲಿ ಕೆಲವರು, ತಾನಾಗಿ ನಂಬಿದವನಿಗೇ ದೀಕ್ಷಾಸ್ನಾನವೆಂದು ಹೇಳಿ ಒಬ್ಬರಿಗೊಬ್ಬರು ಸ್ನಾನಮಾಡಿಸಿಕೊಂಡರು. ಅವರೊಳಗೆ ಫೇಲಿಕ್ಸ್ ಮಾಂಟ್ಸ್ ಎಂಬವನನ್ನು 1527ರ ಜನವರಿ 5ರಂದು ಕೈಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಯಾರು? ಅನ್ಯಜನರಲ್ಲ. ವೇದವನ್ನು ಜನರ ಭಾಷೆಯಲ್ಲಿ ಬೋಧಿಸುತ್ತಿದ್ದ ಸುಧಾರಿತ ಸಭೆಯ ಪಟ್ಟಣದವರು, ನಮ್ಮ ಪ್ರೊಟೆಸ್ಟಂಟ್ ಮತದವರು! 1834ರಲ್ಲಿ ಮಂಗಳೂರಿಗೆ ಬಂದು ನಮ್ಮ ನಾಡಿಗೆ ಸುವಾರ್ತೆಯನ್ನು ತಿಳಿಸಿದ ಬಾಸೆಲ್ ಮಿಷನ್ನೂ ಅದೇ ಸೀಮೆಯ ಸಭೆಗಳಿಂದ ಹುಟ್ಟಿದ್ದು. ಆದದರಿಂದ ಈ ಪಾಪವನ್ನು ಬೇರೆ ಯಾರದೋ ಎಂದು ಹೇಳಿ ನಾವು ತಪ್ಪಿಸಿಕೊಳ್ಳಲಾರೆವು.

ಆ ಹಿಂಸೆಯ ಕಾಲದಲ್ಲಿ ಹಾಲೆಂಡ್ ದೇಶದ ಆಸ್ಪೆರನ್ ಊರಿನಲ್ಲಿ ಡಿರ್ಕ್ ವಿಲೆಮ್ಸ್ ಎಂಬ ಒಬ್ಬನಿದ್ದನು. ಅವನು ಸೆರೆಯಿಂದ ತಪ್ಪಿಸಿಕೊಂಡು, ನೀರಿನ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ ಹಿಮವನ್ನು ದಾಟಿ ಓಡಿದನು. ಬೆನ್ನಟ್ಟಿದ ಕಾವಲುಗಾರನ ಕಾಲಕೆಳಗೆ ಹಿಮವು ಒಡೆದು ಅವನು ಮುಳುಗಹತ್ತಿದನು. ಡಿರ್ಕನು ದಡವನ್ನು ಸೇರಿದ್ದನು. ಮುಂದೆ ಓಡಿದ್ದರೆ ಬದುಕುತ್ತಿದ್ದನು. ಆದರೆ ತಿರುಗಿ ಬಂದು ಶತ್ರುವಿನ ಕೈಹಿಡಿದು ಮೇಲಕ್ಕೆ ಎಳೆದನು. ಬದುಕಿದವನು ಇವನನ್ನು ಬಿಟ್ಟುಬಿಡಬೇಕೆಂದರೂ ಅಧಿಕಾರಿಯು ಬಿಡಲಿಲ್ಲ. 1569ರ ಮೇ 16ರಂದು ಡಿರ್ಕನನ್ನು ಬೆಂಕಿಯಲ್ಲಿ ಸುಟ್ಟರು. ಇಂಥವರ ಚರಿತ್ರೆಗಳು 1660ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಪ್ರಕಟವಾದವು. ಆಮಿಷ್ ಮನೆಗಳಲ್ಲಿ ಅದನ್ನು ಇಂದಿಗೂ ಓದುತ್ತಾರೆ. ಮಕ್ಕಳು ಈ ಕಥೆಯನ್ನು ಕೇಳುತ್ತಾ ಬೆಳೆಯುತ್ತಾರೆ. ನಮ್ಮ ಮಕ್ಕಳು ನಮ್ಮ ಬಾಯಿಂದ ಏನನ್ನು ಕೇಳುತ್ತಾ ಬೆಳೆಯುತ್ತಾರೆ? ಯಾರು ನಮಗೆ ಏನು ಮಾಡಿದರು, ಯಾವ ದಾಯಾದಿಯು ಎಷ್ಟು ಗುಂಟೆ ಒತ್ತಿದನು ಎಂಬದನ್ನೇ ಅಲ್ಲವೋ?

ಇನ್ನೊಂದನ್ನೂ ಕೇಳಿರಿ. 2004ರ ಜೂನ್ ತಿಂಗಳಲ್ಲಿ ಝೂರಿಕಿನ ಸುಧಾರಿತ ಸಭೆಯವರು ಆ ಹಿಂಸೆಗೊಳಗಾದವರ ಸಂತತಿಯನ್ನು ಕರೆಯಿಸಿ, ನಮ್ಮ ಪೂರ್ವಿಕರು ಮಾಡಿದ್ದು ಪಾಪವೆಂದು ಅರಿಕೆಮಾಡಿ, ಲಿಮ್ಮಾತ್ ನದಿಯ ದಡದಲ್ಲಿ ಒಂದು ಸ್ಮಾರಕ ಕಲ್ಲನ್ನು ಇರಿಸಿದರು. 2010ರಲ್ಲಿ ಲೂಥರನ್ ಸಭೆಗಳ ಲೋಕ ಸಂಘದವರೂ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೂಡಿ ಮೆನ್ನೊನೈಟರ ಮುಂದೆ ಕ್ಷಮೆಯನ್ನು ಬೇಡಿದರು. ಸುಮಾರು ಐನೂರು ವರುಷಗಳ ಮೇಲೆ ತಪ್ಪನ್ನು ಒಪ್ಪಿಕೊಂಡರು! ಸತ್ತವರ ಪರವಾಗಿ ಕ್ಷಮೆ ಬೇಡುವದು ಸುಲಭವೆಂದು ಯಾರಾದರೂ ಹೇಳಬಹುದು. ಹಾಗಾದರೆ ಬದುಕಿರುವವನು, ಪಕ್ಕದ ಬೆಂಚಿನಲ್ಲಿ ಕೂರುವವನು, ನಮ್ಮಿಂದ ನೊಂದವನಾಗಿದ್ದರೆ ನಾವು ಎಷ್ಟು ವರುಷ ಕಾಯಬೇಕೆಂದಿದ್ದೇವೆ?

ಮೂರನೆಯದು: ನಡೆಯುವದು.

ವಿಚಾರಿಸಿ ತಿಳಿದುಕೊಂಡದ್ದು ಪರೀಕ್ಷೆಗೆ ಬರುವ ದಿನವುಂಟು. ಆಮಿಷರಿಗೆ ಅದು 2006ರ ಅಕ್ಟೋಬರ್ 2ರಂದು ಬಂತು. ಲ್ಯಾಂಕಸ್ಟರ್ ಜಿಲ್ಲೆಯ ನಿಕ್ಕಲ್ ಮೈನ್ಸ್ ಎಂಬ ಹಳ್ಳಿಯ ಒಂದೇ ಕೋಣೆಯ ಶಾಲೆಗೆ ಒಬ್ಬ ಮನುಷ್ಯನು ಬಂದೂಕು ಹಿಡಿದು ನುಗ್ಗಿದನು. ಅವನು ಅವರ ಪಂಗಡದವನಲ್ಲ, ಆದರೆ ಅನ್ಯ ಊರಿನವನೂ ಅಲ್ಲ. ಆ ಸೀಮೆಯ ಹೊಲದ ಮನೆಗಳಿಂದ ಹಾಲನ್ನು ಸಾಗಿಸುವ ಲಾರಿಯನ್ನು ನಡಿಸುತ್ತಿದ್ದವನು. ಅವನು ಹತ್ತು ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿ ತಾನೂ ಸತ್ತನು. ಐವರು ಹುಡುಗಿಯರು ತೀರಿಹೋದರು.

ಅದೇ ದಿವಸ ಸಾಯಂಕಾಲವೇ ಕೆಲವು ಆಮಿಷ್ ಗಂಡಸರು ಕೊಂದವನ ಹೆಂಡತಿಯ ಬಳಿಗೆ ಹೋಗಿ ದುಃಖವನ್ನು ಹಂಚಿಕೊಂಡು, ನಿನ್ನ ಮೇಲೆ ನಮಗೆ ದ್ವೇಷವಿಲ್ಲವೆಂದು ತಿಳಿಸಿದರು. ಕೊಂದವನನ್ನು ಹೂಣಿಡುವಾಗ ಬಂದವರಲ್ಲಿ ಅನೇಕರು ಆಮಿಷರೇ. ತಮ್ಮ ಮಕ್ಕಳನ್ನು ಆಗಲೇ ಹೂಣಿಟ್ಟು ಬಂದವರೂ ಅವರೊಳಗೆ ಇದ್ದರು. ಲೋಕದ ಮೂಲೆ ಮೂಲೆಗಳಿಂದ ಸಹಾಯದ ಹಣ ಬಂದಾಗ ಅದರಲ್ಲಿ ಒಂದು ಪಾಲನ್ನು ಕೊಂದವನ ಹೆಂಡತಿ ಮಕ್ಕಳಿಗೂ ಕೊಟ್ಟರು. ಹತ್ತು ದಿವಸಗಳಲ್ಲಿ ಆ ಶಾಲೆಯನ್ನು ಕೆಡವಿ ಹುಲ್ಲು ಬಿತ್ತಿದರು. ಮುಂದಿನ ವರುಷ ಏಪ್ರಿಲ್ 2ರಂದು ಸ್ವಲ್ಪ ದೂರದಲ್ಲಿ ಹೊಸ ಶಾಲೆಯನ್ನು ತೆರೆದು ಅದಕ್ಕೆ ಹೊಸ ನಿರೀಕ್ಷೆಯೆಂದು ಹೆಸರಿಟ್ಟರು.

ಇದನ್ನು ಕೇಳಿ ಅನೇಕರು ಬೆರಗಾದರು; ಕೆಲವರು ಇದು ಮನುಷ್ಯ ಸ್ವಭಾವಕ್ಕೆ ವಿರುದ್ಧವೆಂದರು. ಹೌದು, ವಿರುದ್ಧವೇ. ಆ ತಾಯಂದಿರು ಅಳಲಿಲ್ಲವೆಂದು ಎಣಿಸಬೇಡಿರಿ. ಒಮ್ಮೆ ಕ್ಷಮಿಸಿದ್ದು ಮರುದಿನ ಬೆಳಿಗ್ಗೆ ತಿರುಗಿ ಕ್ಷಮಿಸಬೇಕಾಗಿ ಬರುತ್ತದೆ. ಕ್ಷಮೆಯ ಹೆಸರಿನಲ್ಲಿ ಬಲಹೀನರ ಮೇಲೆ ನಡೆದ ಅನ್ಯಾಯವನ್ನು ಮುಚ್ಚಿಡುವದು ಬೇರೆ ಪಾಪ; ಅದು ಅವರ ಕೆಲವು ಸಭೆಗಳಲ್ಲಿಯೂ ಕಂಡುಬಂದದ್ದುಂಟು, ನಮ್ಮಲ್ಲಿಯೂ ಉಂಟು. ಅಪರಾಧಕ್ಕೆ ಸರಕಾರದ ನ್ಯಾಯವಿದೆ. ಆದರೆ ಮನಸ್ಸಿನಲ್ಲಿ ಸೇಡನ್ನು ಸಾಕಿಕೊಳ್ಳುವ ಹಕ್ಕನ್ನು ಕರ್ತನು ಯಾರಿಗೂ ಕೊಡಲಿಲ್ಲ. ಆ ಜನರಿಗೆ ಒಂದೇ ದಿನದಲ್ಲಿ ಆ ಬಲ ಎಲ್ಲಿಂದ ಬಂತು? ಒಂದೇ ದಿನದಲ್ಲಿ ಬರಲಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಇತರರನ್ನು ಕ್ಷಮಿಸಿದ ಹಾಗೆ ನಮ್ಮನ್ನು ಕ್ಷಮಿಸೆಂದು ಬೇಡುವ ಭಾಗವನ್ನೂ, ಅದರ ಬಳಿಕ ಮತ್ತಾಯನ 6ನೇ ಅಧ್ಯಾಯದಲ್ಲಿರುವ ಎಚ್ಚರಿಕೆಯನ್ನೂ ಅವರು ಬಾಲ್ಯದಿಂದ ನಿಜವೆಂದು ತಿಳಿದು ಬೆಳೆದರು. ನಾವೂ ಅದೇ ಪ್ರಾರ್ಥನೆಯನ್ನು ಹೇಳುತ್ತೇವೆ. ಬಾಯಿಂದ ಬೇಗ ಬೇಗ ಹೇಳಿ ಮುಗಿಸುತ್ತೇವೆ.

ಅವರಲ್ಲಿ ವರುಷಕ್ಕೆ ಎರಡು ಸಾರಿ ಕರ್ತನ ರಾತ್ರಿಭೋಜನ ನಡೆಯುತ್ತದೆ. ಅದಕ್ಕೆ ಮೊದಲು ಸಭೆಯು ಕೂಡಿ ಪ್ರತಿಯೊಬ್ಬನನ್ನೂ ದೇವರೊಂದಿಗೂ ಸಭೆಯೊಂದಿಗೂ ಸಮಾಧಾನವಾಗಿದ್ದೀಯೋ ಎಂದು ಕೇಳುತ್ತದೆ. ಜಗಳವು ತೀರದಿದ್ದರೆ ಭೋಜನವನ್ನೇ ಮುಂದಕ್ಕೆ ಹಾಕುವದುಂಟು.

ಪ್ರಿಯರೇ, ಈಗ ನಮ್ಮ ವಿಷಯವನ್ನು ಅರಿಕೆಮಾಡುತ್ತೇವೆ. ಆ ಭಾನುವಾರ ಮಧ್ಯಾಹ್ನ, ಅಂಗಡಿಯವನ ಮಾತನ್ನು ನೆನಸಿ, ಹೊರೆಯನ್ನು ಕಡಿಮೆಮಾಡಬೇಕೆಂದು ಚೀಲಗಳನ್ನೆಲ್ಲಾ ಬಿಚ್ಚಿದೆವು. ಬೇಡವಾದ ಬಟ್ಟೆಗಳು, ಓದದೆ ಹೊತ್ತುಕೊಂಡು ಬಂದ ಪುಸ್ತಕಗಳು ಹೊರಬಂದವು. ವೇದಪುಸ್ತಕದ ನಡುವೆ ಒಂದು ಕಾಗದ ಸಿಕ್ಕಿತು. ಅದು ನಮ್ಮ ಸಭೆಯ ಒಬ್ಬ ಸಹೋದರನು ಎರಡು ವರುಷಗಳ ಹಿಂದೆ ಬರೆದದ್ದು. ಕೊಯ್ಲಿನ ಹಬ್ಬದ ಕಾಣಿಕೆಯ ಲೆಕ್ಕದಲ್ಲಿ ನಾವು ಮೋಸಮಾಡಿದೆವೆಂದು ಅವನು ಸಭೆಯ ಎದುರಿಗೆ ಹೇಳಿದ್ದನು. ಲೆಕ್ಕವನ್ನು ತನಿಖೆ ಮಾಡಿದಾಗ ಒಂದು ಪೈಸೆಯೂ ತಪ್ಪಿರಲಿಲ್ಲ. ಬಳಿಕ ಅವನು ನಾಚಿಕೊಂಡು ಈ ಕಾಗದದಲ್ಲಿ ಕ್ಷಮೆಯನ್ನು ಬೇಡಿದ್ದನು. ನಾವು ಉತ್ತರ ಬರೆಯಲಿಲ್ಲ. ಅವನು ಎದುರಿಗೆ ಬಂದರೆ ಮುಖವನ್ನು ತಿರುಗಿಸುತ್ತಿದ್ದೆವು. ನ್ಯಾಯವು ನಮ್ಮ ಕಡೆಯಲ್ಲಿತ್ತು. ಅದೇ ನಮಗೆ ಉರುಲಾಯಿತು. ತಪ್ಪುಮಾಡಿದವನು ಕ್ಷಮೆ ಬೇಡುವದಕ್ಕಿಂತ, ತಪ್ಪಿಲ್ಲದವನು ಕ್ಷಮೆ ಕೊಡುವದು ಕಷ್ಟವಾಗುವದುಂಟು. ಯಾಕಂದರೆ ಕೊಟ್ಟಮೇಲೆ ತಾನು ದೊಡ್ಡವನೆಂದು ನಿಲ್ಲುವದಕ್ಕೆ ಅವನಿಗೆ ಸ್ಥಳವಿರುವದಿಲ್ಲ.

ಆ ಕಾಗದವು ತೂಕದಲ್ಲಿ ಒಂದು ತೊಲವೂ ಇರಲಿಲ್ಲ. ಆದರೂ ಅದನ್ನು ನಾವು ಸಮುದ್ರದಾಚೆಗೂ ಹೊತ್ತುಕೊಂಡು ಬಂದಿದ್ದೆವು. ಅದರ ಮೇಲೆ ವೇದವನ್ನು ಮುಚ್ಚಿ, ಅದೇ ವೇದದಿಂದ ಇತರರಿಗೆ ಬೋಧಿಸಿದ್ದೆವು. ಐವರು ಮಕ್ಕಳನ್ನು ಕಳಕೊಂಡ ಜನರು ಸೂರ್ಯನು ಮುಳುಗುವದರೊಳಗೆ ಹೋದ ದೂರವನ್ನು, ಒಂದು ಮಾತಿನಿಂದ ನೊಂದ ನಾವು ಎರಡು ವರುಷಗಳಲ್ಲಿ ಹೋಗಿರಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದ ಆರಂಭದಲ್ಲಿ, ಓಟವನ್ನು ಓಡುವವನು ಎಲ್ಲಾ ಭಾರವನ್ನು ತೆಗೆದುಹಾಕಬೇಕೆಂದು ಹೇಳಿರುವದು ಯಾವದಕ್ಕೆಂದು ಆಗ ತಿಳಿಯಿತು. ಚಕ್ರದಲ್ಲಿ ದೋಷವಿಲ್ಲ, ಹೊರೆ ಹೆಚ್ಚಾಯಿತು! ಅಲ್ಲಿಯೇ ಮೊಣಕಾಲೂರಿ ಅತ್ತೆವು. ದೀಪ ಹಚ್ಚುವದರೊಳಗೆ ಉತ್ತರವನ್ನು ಬರೆದು ಮುಗಿಸಿದೆವು. ನೀನು ಕೇಳಿದ ದಿವಸವೇ ಕೊಡದೆ ಹೋದದ್ದಕ್ಕಾಗಿ ಈಗ ನಾವೇ ನಿನ್ನಿಂದ ಕ್ಷಮೆಯನ್ನು ಕೇಳುತ್ತೇವೆಂದು ಅದರಲ್ಲಿ ಬರೆದೆವು.

ಊರಿಗೆ ಬಂದ ಮೇಲೆ ಆ ಸಹೋದರನ ಮನೆಗೆ ಹೋದೆವು. ಇಬ್ಬರಿಗೂ ಮಾತು ಸುಲಭವಾಗಿ ಬರಲಿಲ್ಲ. ಮಳೆಯ ವಿಷಯ, ರಾಗಿಯ ವಿಷಯ ಸ್ವಲ್ಪ ಹೊತ್ತು ಮಾತಾಡಿದೆವು. ಅವನ ಹೆಂಡತಿಯು ಕಾಫಿ ತಂದಿಟ್ಟಳು. ಏಳುವಾಗ ಅವನು ನಮ್ಮ ಕೈಹಿಡಿದು, “ಅಯ್ಯನವರೇ, ಪ್ರಾರ್ಥನೆ ಮಾಡಿ ಹೋಗಿರಿ” ಎಂದನು. ಮುಂದಿನ ಭಾನುವಾರ ಒಂದೇ ಮೇಜಿನ ಬಳಿಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಕ್ಕೊಂಡೆವು. ಇಷ್ಟೇ. ಆದರೆ ವಚನದ ಕೊನೆಯಲ್ಲಿರುವ ವಿಶ್ರಾಂತಿ ಎಂಬ ಮಾತಿನ ರುಚಿಯನ್ನು ಎರಡು ವರುಷಗಳಾದ ಮೇಲೆ ಆ ದಿನ ಕಂಡೆವು.

ಈಗ ನಿಮ್ಮನ್ನು ಕೇಳುತ್ತೇವೆ. ಒಂದು ಬದುವಿನ ನಿಮಿತ್ತ ಅಣ್ಣನು ತಮ್ಮನೊಂದಿಗೆ ಮಾತಾಡದೆ ಇರುವ ಮನೆ ನಿಮ್ಮ ಸಭೆಯಲ್ಲಿ ಇಲ್ಲವೋ? ಒಬ್ಬಳು ಬಲಗಡೆಯಲ್ಲಿ ಕೂತರೆ ಇನ್ನೊಬ್ಬಳು ಎಡಗಡೆಗೆ ಹೋಗುವ ವಾರಗಿತ್ತಿಯರು ಇಲ್ಲವೋ? ಸಭೆಯ ಹಿರಿತನದ ಚುನಾವಣೆಯಲ್ಲಿ ಸೋತು ಅಂದಿನಿಂದ ಗುಡಿಯ ಮೆಟ್ಟಲನ್ನು ತುಳಿಯದವರು ಇಲ್ಲವೋ? ಆ ಮನುಷ್ಯನು ನೀನೇ ಆಗಿದ್ದರೆ, ಮುಂದಿನ ರಾತ್ರಿಭೋಜನದ ವರೆಗೆ ಕಾಯಬೇಡ. ಈ ಪತ್ರಿಕೆಯನ್ನು ಮಡಿಚಿಟ್ಟು, ದೀಪ ಹಚ್ಚುವದರೊಳಗೆ ಹೋಗು. ನ್ಯಾಯವು ನಿನ್ನ ಕಡೆಯಲ್ಲಿದ್ದರೆ ಇನ್ನೂ ಬೇಗನೆ ಹೋಗು. ಅವನು ಬಾಗಲನ್ನು ತೆರೆಯದಿದ್ದರೆ ಅದು ದೇವರಿಗೂ ಅವನಿಗೂ ಸೇರಿದ್ದು. ನೀನು ಹೋಗದಿದ್ದರೆ ಅದು ದೇವರಿಗೂ ನಿನಗೂ ಸೇರಿದ್ದು.

ಯೆರೂಸಲೇಮಿನವರು ಹಾದಿಯನ್ನು ಅರಿಯದೆ ಕೆಟ್ಟವರಲ್ಲ; ಅರಿತೂ ನಡೆಯಲೊಲ್ಲದೆ ಕೆಟ್ಟವರು. ನಮಗೆ ಹಾಗಾಗದಿರಲಿ. ಹಾದಿಯೂ ಸತ್ಯವೂ ಜೀವವೂ ಆಗಿರುವ ಕರ್ತನು ಆ ಹಳೇ ಹಾದಿಯಲ್ಲಿ ನಮ್ಮ ಮುಂದೆ ನಡೆಯುತ್ತಿದ್ದಾನೆ. ಭಾರಹೊತ್ತವರನ್ನು ತನ್ನ ಬಳಿಗೆ ಕರೆದಾತನು ಆತನೇ.

ಪ್ರಾರ್ಥನೆ: ಪರಲೋಕದ ತಂದೆಯೇ, ಓಡುತ್ತಿರುವ ನಮ್ಮನ್ನು ನಿಲ್ಲಿಸು, ನಿನ್ನ ಒಳ್ಳೇ ಹಾದಿಯನ್ನು ತೋರಿಸು, ನಾವು ಬಚ್ಚಿಟ್ಟು ಹೊತ್ತಿರುವ ಹೊರೆಯನ್ನು ಇಳಿಸು. ನಾವು ಹೋಗಬೇಕಾದ ಮನೆಯ ಬಾಗಲಿನ ವರೆಗೆ ನಮ್ಮ ಕಾಲುಗಳಿಗೆ ಬಲವನ್ನು ಕೊಡು. ನಿನ್ನ ಮಗನಾದ ಯೇಸು ಕ್ರಿಸ್ತನ ನಿಮಿತ್ತ ಕೇಳು. ಆಮೆನ್.